ಸಣ್ಣಸ್ವಾಮಿಯ ತೂತಿನ ಬಟ್ಟಲು

ಹಿಂದಿನ ದೊರೆಗಳಿಗೆ ಬೆಳ್ಗೊಡೆ ಹಿಡಿಯಲು ಆಳುಗಳಿದ್ದರು. ಶಿರಂಗಾಲದ ಸಣ್ಣಸ್ವಾಮಿಗೆ ಆ ಭಾಗ್ಯವಿಲ್ಲ. ತನ್ನ ಕೊಡೆಯನ್ನು ತಾನೇ ಕಡೆದು, ತಾನೇ ತೂತು ಕೊರೆದು, ಮಟಮಟ ಮಧ್ಯಾಹ್ನ ತಾನೇ ತಲೆಯ ಮೇಲೆ ಎತ್ತಿ ಹಿಡಿದು ಅಂಗಳದಲ್ಲಿ ಗಂಭೀರವಾಗಿ ಒಂದು ಸುತ್ತು ತಿರುಗುತ್ತಾನೆ. ಕೊಡೆ ಎಂದರೆ ಹಲಸಿನ ಮರದ ಬಟ್ಟಲು, ಬೋರಲು ಹಿಡಿದದ್ದು. ಈ ಪ್ರದಕ್ಷಿಣೆಯ ಸುತ್ತ ಊರಿನಲ್ಲಿ ಬೆಳೆದ ಪುರಾಣ ಒಂದೆರಡಲ್ಲ. ಸೂರ್ಯನಿಗೆ ಹರಕೆ ಹೊತ್ತಿದ್ದಾನೆ ಎಂದರು ಕೆಲವರು. ತೂತಿನ ಹಲಸಿನ ನೆರಳು ಬಿದ್ದರೆ ಬೋಳುತಲೆಯಲ್ಲಿ ಕೂದಲು ಚಿಗುರುತ್ತದೆ ಎಂದರು ಇನ್ನು ಕೆಲವರು. ಅವರಲ್ಲೊಬ್ಬರು ಗುಟ್ಟಾಗಿ ಬಂದು ಬಟ್ಟಲನ್ನು ಒಂದು ವಾರಕ್ಕೆ ಎರವಲು ಕೇಳಿದ್ದೂ ಉಂಟು.

ಸಣ್ಣಸ್ವಾಮಿಗೆ ಬೇಕಾಗಿದ್ದದ್ದು ನೆಲದ ಮೇಲಿನ ನೆರಳು ಮಾತ್ರ. ತೂತುಗಳು ಬೆಳಕಿನ ಚುಕ್ಕೆಗಳಾಗಿ ಮಣ್ಣಿನ ಮೇಲೆ ಬಿದ್ದಾಗ, ಕೈಯಲ್ಲಿ ಹಿಡಿದು ನೋಡಿದರೆ ಕಾಣದ ಸೊಟ್ಟ ಅಲ್ಲಿ ಕಾಣುತ್ತಿತ್ತು.

ಮೀಸೆ ಮೂಡಿದಾಗಿನಿಂದ ಅವನು ಲೇತ್ ಮೆಷಿನ್ನಿನ ಮುಂದೆ ನಿಂತವನು. ಮಂಚದ ಕಾಲು, ತೊಟ್ಟಿಲ ಗೂಟ, ಲಟ್ಟಣಿಗೆ ಎಲ್ಲವನ್ನೂ ಕಡೆದ. ಊರು ಮಾತ್ರ ಲಟ್ಟಣಿಗೆಯನ್ನೇ ಹಿಡಿದುಕೊಂಡು ‘ಲಟ್ಟಣಿಗೆ ಸಣ್ಣಸ್ವಾಮಿ’ ಎಂದು ಕರೆಯಿತು. ಮದುವೆಯ ಕರೆಯೋಲೆಗಳ ಮೇಲೂ ಅದೇ ಹೆಸರು ಬರುತ್ತಿತ್ತು. ಅದು ಅವನನ್ನು ಮುಳ್ಳಿನಂತೆ ಚುಚ್ಚುತ್ತಿತ್ತು.

ಹೀಗಿರುವಾಗ ಕುಶಾಲನಗರದ ಹಲ್ಲಿನ ಡಾಕ್ಟರೊಬ್ಬರು ಕ್ಲಿನಿಕ್ಕು ಮುಚ್ಚಿದರು. ಅವರ ಹಲ್ಲು ಕೊರೆಯುವ ಯಂತ್ರ ಗುಜರಿ ಅಂಗಡಿಗೆ ಬಂದು ಬಿತ್ತು. ಪೆನ್ನಿನಷ್ಟು ದಪ್ಪದ ಹಿಡಿ, ಅದರ ತುದಿಯಲ್ಲಿ ಸಾಸಿವೆಯಷ್ಟು ಸಣ್ಣ ಹಲ್ಲುಹಲ್ಲಿನ ಮೊನೆ. ಇದು ಹಲ್ಲನ್ನೇ ಕೊರೆಯುವುದಾದರೆ ಹಲಸು ಯಾವ ಲೆಕ್ಕ ಎಂಬ ಕುತೂಹಲ ಸಣ್ಣಸ್ವಾಮಿಯ ತಲೆಗೆ ಹೊಕ್ಕಿದ್ದೇ ತಡ, ಅವನಿಗೆ ಊಟ ರುಚಿಸಲಿಲ್ಲ. ಅದನ್ನು ಕೊಂಡು ತಂದು, ಪಂಕ್ಚರ್ ಅಂಗಡಿಯ ಹಳೆಯ ಕಂಪ್ರೆಸರಿಗೆ ಜೋಡಿಸಿಯೇ ಉಂಡ.

ಬಟ್ಟಲಿನ ಮೈಯನ್ನು ಹಪ್ಪಳದಷ್ಟು ತೆಳುವಾಗಿ ಕಡೆಯುತ್ತಿದ್ದ. ಒಳಗೆ ಬಲ್ಬು ಇಟ್ಟರೆ ಮರ, ಬಿಸಿಲಿಗೆ ಹಿಡಿದ ಎಳೆಮಗುವಿನ ಕಿವಿಯಂತೆ ಕೆಂಪಗೆ ಹೊಳೆಯಬೇಕು. ಆಮೇಲೆ ಪೆನ್ಸಿಲಿನಲ್ಲಿ ಕಾಫಿ ರೆಂಬೆ ಬರೆದು, ಎಲೆ ಮತ್ತು ಹಣ್ಣಿನ ನಡುವಿನ ಜಾಗವನ್ನೆಲ್ಲ ಕೊರೆದು ತೆಗೆಯುತ್ತಿದ್ದ. ಯಂತ್ರ ‘ಕುಂಯ್ಯ್’ ಎಂದು ಕಿರುಚಿದಾಗಲೆಲ್ಲ ದಾರಿಹೋಕರು ಕೆನ್ನೆ ಹಿಡಿದುಕೊಂಡು ಓಡುತ್ತಿದ್ದರು.

“ಸ್ವಾಮಣ್ಣಾ, ನಿಲ್ಸೋ ಅದನ್ನ!” ಎಂದು ಎದುರಿನ ಟೀ ಅಂಗಡಿಯಿಂದ ಕಾಂತಮ್ಮ ಕೂಗುತ್ತಿದ್ದಳು. “ಗಿರಾಕಿಗಳು ಬಾಯಿ ತೆರೆಯಕ್ಕೇ ಹೆದರ್ತಾವ್ರೆ. ಬೋಂಡ ಯಾರು ತಿಂತಾರೆ, ನೀನಾ?”

ಎಷ್ಟೋ ಬಟ್ಟಲು ಒಡೆದ ಮೇಲೆ ಒಂದು ಉಳಿಯಿತು. ಅದರ ಸುದ್ದಿ ಹೇಗೋ ಮಡಿಕೇರಿಯಲ್ಲಿ ಕರಕುಶಲ ವಸ್ತುಗಳ ಅಂಗಡಿ ಇಟ್ಟಿದ್ದ ನಿರಂಜನ್ ಎಂಬವರ ಕಿವಿಗೆ ಬಿತ್ತು. ಅವರು ಫೋನ್ ಮಾಡಿದರು: “ನಾಳೆ ಬೆಳಿಗ್ಗೆ ಬರ್ತೀನಿ. ಹಿಡಿಸಿದರೆ ಗಾಜಿನ ಕಪಾಟಿನಲ್ಲಿ ಇಡೋಣ, ಕೆಳಗೆ ನಿಮ್ಮ ಹೆಸರು.” ಗಾಜಿನ ಕಪಾಟು! ಅದರೊಳಗೆ ಬರಿಯ ‘ಸಣ್ಣಸ್ವಾಮಿ’! ಲಟ್ಟಣಿಗೆಯ ಕಳಂಕ ತೊಳೆಯುವ ಗಳಿಗೆ ಬಂದೇಬಿಟ್ಟಿತು.

ಉಳಿದದ್ದು ಹೊಳಪು ಮಾತ್ರ. ಉಪ್ಪುಕಾಗದವನ್ನು ಸಣ್ಣಗೆ ಸುರುಳಿ ಸುತ್ತಿ ಒಂದೊಂದು ತೂತಿನ ಅಂಚನ್ನೂ ಉಜ್ಜಿದ. ವಾರ್ನಿಷ್ ಬಳಿದರೆ ತೂತು ಕಟ್ಟಿಕೊಳ್ಳುತ್ತದೆ. ಅದಕ್ಕೆ ಜೇನುಮೇಣವೇ ಸರಿ. ಎಸ್ಟೇಟಿನಲ್ಲಿ ಕೆಲಸ ಮಾಡುವ ಚೋಮಿ ಜೇನು ಹಿಂಡಿದ ಗೂಡನ್ನು ತಂದುಕೊಟ್ಟಿದ್ದಳು. ಅದನ್ನು ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಮೇಣವನ್ನು ತೆಗೆದ.

ಹೆಂಡತಿ ಸರೋಜ ಬೆರಳಿನಿಂದ ಮುಟ್ಟಿ ನೋಡಿದಳು. “ರೀ, ಇನ್ನೂ ಅಂಟು ಅಂಟಾಗಿದೆ. ಇನ್ನೊಂದ್ಸಲ ಕುದಿಸಿ ಸೋಸ್ರಿ.”

“ಅಂಟಿದ್ರೆ ಚೆನ್ನಾಗಿ ಹಿಡ್ಕೊಳ್ತದೆ ಕಣೇ. ನಿಂಗೇನ್ ಗೊತ್ತು?” ಎಂದು ಕಲಾವಿದನು ನುಡಿದು, ಬಟ್ಟಲಿಗೆ ಮೇಣ ತಿಕ್ಕಿ, ಬಿಳಿ ಬಟ್ಟೆ ಮುಚ್ಚಿ ಮಲಗಿದ.

ಬೆಳಿಗ್ಗೆ ನಿರಂಜನ್ ಬಂದು ಆ ಬಟ್ಟೆ ಸರಿಸಿದರು. ಬಟ್ಟಲಿನ ಮೇಲೆ ಇರುವೆಗಳ ಸೈನ್ಯ! ತೊಟ್ಟಿನ ಬುಡದಲ್ಲಿ ಹೊಕ್ಕು, ಎಲೆಯ ಬೆನ್ನ ಮೇಲೆ ಸಾಗಿ, ಒಂದೊಂದು ತೂತಿನಲ್ಲೂ ಇಣುಕಿ, ಅಂಚಿನಲ್ಲಿ ಹೊರಬಿದ್ದು, ಸಾಲು ತಪ್ಪದೆ ನಡೆದಿದ್ದವು. ಸಣ್ಣಸ್ವಾಮಿ ಥಟ್ಟನೆ ಉಫ್ ಎಂದು ಊದಲು ಬಗ್ಗಿದ.

“ಮುಟ್ಟಬೇಡಿ!” ನಿರಂಜನ್ ಅವನ ಭುಜ ಹಿಡಿದರು. ಕುಕ್ಕರಗಾಲಿನಲ್ಲಿ ಕೂತು ಕಣ್ಣರಳಿಸಿ ನೋಡಿದರು. “ಅಬ್ಬಾ! ರೆಂಬೆ ಕೆತ್ತಿದ್ದು ಮಾತ್ರವಲ್ಲ, ಅದರ ಮೇಲೆ ಜೀವ ಓಡಾಡೋ ಹಾಗೆ ಮಾಡಿದ್ದೀರಿ. ಇರುವೆಯ ದಾರಿ ನೋಡಿಯೇ ತೂತು ಕೊರೆದಿರಾ?”

“ನಮ್ ಸ್ವಾಮಣ್ಣ ಅಂದ್ರೆ ಏನಂದ್ಕೊಂಡ್ರಿ ಸಾರ್?” ಟೀ ತಂದ ಕಾಂತಮ್ಮ ಅವನಿಗೆ ಬಾಯಿಬಿಡಲು ಅವಕಾಶ ಕೊಡಲಿಲ್ಲ. “ಇರುವೆನೂ ಅವನ ಮಾತು ಮೀರಲ್ಲ.”

ಸರೋಜ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ನಿರಂಜನ್ ಜೇಬಿನಿಂದ ಪೆನ್ನು ತೆಗೆದರು. “ಇದರ ಹಿಂದಿನ ಯೋಚನೆ ಏನು, ಒಂದೇ ಮಾತಿನಲ್ಲಿ ಹೇಳಿ. ಕಪಾಟಿನಲ್ಲಿ ನಿಮ್ಮ ಹೆಸರಿನ ಕೆಳಗೆ ಅದನ್ನೇ ಬರೆಸ್ತೀನಿ.”

ಸಣ್ಣಸ್ವಾಮಿ ಬಟ್ಟಲನ್ನು ನೋಡಿದ. ಅವನು ಕೊರೆದ ತೂತುಗಳಲ್ಲೇ ಅತಿ ನಾಜೂಕಾದದ್ದರ ಅಂಚಿನಲ್ಲಿ ಒಂದು ಇರುವೆ ಆರಾಮಾಗಿ ಮೀಸೆ ತೀಡುತ್ತಿತ್ತು. ಒಂದು ದೊಡ್ಡ ಮಾತು ಅವನ ಗಂಟಲಿನವರೆಗೂ ಬಂತು, ಅಲ್ಲೇ ನಿಂತಿತು.

“ಮೇಣದಲ್ಲಿ ಜೇನು ಉಳ್ಕೊಂಡಿದೆ ಸಾರ್,” ಎಂದ. “ಇನ್ನೊಂದ್ಸಲ ಕುದಿಸ್ಬೇಕಿತ್ತು.”