ಮುಖ್ತಾರ್ ಸಾಬರ ಹಾಯಿದೋಣಿ

ಮನೆಮನೆಗೆ ನಲ್ಲಿ ಬರುತ್ತಿದ್ದ ಆ ಕಾಲದಲ್ಲಿ, ಶಿಡ್ಲಘಟ್ಟದಲ್ಲಿ ಯಾರ ಮನೆಯ ಪೈಪು ಸೋರಿದರೂ ಮುಖ್ತಾರ್ ಸಾಬರೇ ಬರಬೇಕು; ಅವರು ಬಂದರೆ ಅವರ ದೋಣಿಯೂ ಬಂದಂತೆಯೇ. ಸಾಬರು ಬೊಂಬಾಯಿಯಲ್ಲಿ ಕೆಲಸ ಕಲಿತವರು. ಪೈಪಿನ ತುದಿಯ ತಿರುಪಿಗೆ ಸೆಣಬಿನ ನಾರು ಸುತ್ತುತ್ತ, “ಇದೇನ್ ಮಹಾ ಅಮ್ಮ, ಪಾರ್ಸಿ ಸಾಹುಕಾರರ ಹಳೇ ಹಾಯಿದೋಣಿಗೆ ಪೈಪೆಲ್ಲ ಬದಲಾಯ್ಸಿ ಹೊಸ ಕಕ್ಕಸು ಕೂರಿಸಿದೋನು ನಾನು” ಎನ್ನುವರು. ಸಮುದ್ರ ಕಾಣದ ಊರಿನಲ್ಲಿ ಆ ದೋಣಿ ಸಾಬರ ಬಾಯಲ್ಲಿ ವರ್ಷವರ್ಷಕ್ಕೂ ಬೆಳೆಯಿತು. ಮೊದಲು ಎತ್ತಿನ ಗಾಡಿಯಷ್ಟಿದ್ದದ್ದು ಬರಬರುತ್ತ ಸಂತೆ ಮೈದಾನದಷ್ಟಾಯಿತು. ಕಕ್ಕಸಿನ ಪಿಂಗಾಣಿಯ ಹೊಳಪಿನಲ್ಲೇ ಮುಖ ನೋಡಿಕೊಂಡು ಸಾಹುಕಾರರು ಕ್ಷೌರ ಮಾಡಿಕೊಳ್ಳುತ್ತಿದ್ದರಂತೆ! ಕೆಲಸ ಮುಗಿದರೂ ಸಾಬರು ಏಳುತ್ತಿರಲಿಲ್ಲ. ಒಂದು ಹನಿಯಾದರೂ ಸೋರೀತೇನೋ ಎಂದು ಪೈಪಿನ ಜಾಯಿಂಟಿನ ಕೆಳಗೆ ಅಂಗೈಯೊಡ್ಡಿ, ಕೊಟ್ಟ ಟೀ ಆರಿ ತಣ್ಣಗಾಗುವವರೆಗೂ ಕುಕ್ಕರಗಾಲಲ್ಲಿ ಕೂತಿರುವರು. ಶ್ಯಾಮಲಮ್ಮನವರ ಹಿತ್ತಲಲ್ಲಿ ಹೊಸ ಕಕ್ಕಸು ಕೂರಿಸಿದ ದಿನವೂ ಹಾಗೆಯೇ ಕೂತಿದ್ದಾಗ, ಆಕೆ ನಗುತ್ತ ಕೇಳಿದರು: “ಅಂಥಾ ದೋಣೀಲಿ ನೀವೂ ಒಂದ್ಸಲ ಹೋಗ್ಬರಬಾರದಿತ್ತಾ ಸಾಬ್ರೇ?” ಸಾಬರು ತಲೆ ಎತ್ತಲಿಲ್ಲ. “ನನ್ ತಮ್ಮ ಹೋದ ಕಣಮ್ಮ. ಅದ್ರಲ್ಲಿ ಹಾಯಿ ಎಳೆಯೋ ಖಲಾಸಿ ಕೆಲ್ಸ ನಾನೇ ಕೊಡಿಸಿದ್ದೆ. ದೋಣಿ ವಾಪಸ್ ಬರಲೇ ಇಲ್ಲ. ಎಲ್ಲಾರೂ ಬಿರುಗಾಳಿ ಅಂದ್ರು. ಆದ್ರೆ ಆ ಕಕ್ಕಸಿಗೋಸ್ಕರ ದೋಣಿ ತಳಕ್ಕೆ ತೂತು ಕೊರೆದು ಪೈಪು ಕೂರಿಸಿದ್ದು ಈ ಕೈಯಲ್ವಾ? ಗಾಳಿಗೆ ಮುಳುಗ್ತೋ, ನನ್ ಕೆಲಸದಿಂದ ಮುಳುಗ್ತೋ, ಹೇಳೋಕೆ ಒಬ್ರೂ ಉಳೀಲಿಲ್ಲ.” ಶ್ಯಾಮಲಮ್ಮನವರು ಒಲೆಯ ಮೇಲಿನ ಸಾರನ್ನೂ ಮರೆತು, ಸಾಬರು ಏಳುವವರೆಗೂ ಹಿತ್ತಲ ಹೊಸಿಲ ಮೇಲೆ ಕೂತಿದ್ದರು.