ಗಿಯರಿನ ಮೇಲೊಂದು ಮೆತ್ತನೆಯ ಜಾಗ

ನಿಗಡಿಯ ಹತ್ತಿರ ನಮ್ಮ ಮಾವನವರದು ಉಕ್ಕಿನ ಗಿಯರುಗಳನ್ನು ಗಟ್ಟಿ ಮಾಡಿಕೊಡುವ ಶೆಡ್ಡು. ಕಾಯಿಸಿ ಕರಗಿಸಿದ ಉಪ್ಪಿನಲ್ಲಿ ಗಿಯರು ಮುಳುಗಿಸುವ ಹಳೆಯ ಉಪ್ಪಿನ ಕುಲುಮೆ ಇನ್ನು ಸಾಕು, ಪ್ಲಾಸ್ಮಾ ಯಂತ್ರ ತನ್ನಿ ಎಂದು ಹಟ ಹಿಡಿದವಳು ಸೊಸೆಯಾದ ನಾನೇ. ಗಾಳಿ ತೆಗೆದ ತೊಟ್ಟಿಯೊಳಗೆ ಸಾರಜನಕದ ಅಯಾನುಗಳು ಗಿಯರಿನ ಮೈಗೆ ಬಂದು ಬಡಿಯುತ್ತವೆ. ಬಡಿದು ಬಡಿದು ಮೇಲಿನ ಕೊಳೆ ಕೀಳುತ್ತವೆ, ಆಮೇಲೆ ಸಾರಜನಕ ಒಳಗಿಳಿದು ಮೈ ಕಲ್ಲಾಗುತ್ತದೆ. ನಮ್ಮಲ್ಲಿ ಮಾತ್ರ ಒಂದು ಜಾಗ ಮೆತ್ತಗೇ ಉಳಿಯುತ್ತಿತ್ತು.

ಒಂದು ಕಾರ್ಖಾನೆಗೆ ಕಳಿಸಿದ ಮಾದರಿ ಗಿಯರು ಎರಡು ಸಲ ವಾಪಸ್ ಬಂತು. ಮೂರನೆಯದೂ ಕೆಟ್ಟರೆ ಯಂತ್ರ ಮಾರಿಬಿಡುತ್ತೇನೆ ಎಂದರು ಮಾವ. ಗ್ಯಾಸ್ ಬದಲಿಸಿದೆ, ಪಂಪು ಬಿಚ್ಚಿಸಿದೆ. ಬೆರಳಿನ ಜಿಡ್ಡು ತಾಗಿದರೂ ಅಲ್ಲಿ ಕಿಡಿ ಏಳುತ್ತದೆ, ಆ ಜಾಗ ಗಟ್ಟಿಯಾಗುವುದಿಲ್ಲ. ಯಾರು ಬರಿಗೈಲಿ ಮುಟ್ಟಿದಿರಿ ಎಂದು ಎಲ್ಲರ ಮೇಲೂ ಹರಿಹಾಯ್ದೆ. ಥೂ, ಈ ಯಂತ್ರಕ್ಕೂ ನನಗೂ ಯಾವ ಜನ್ಮದ ಹಗೆಯೋ!

ಮೂರನೆಯ ಗಿಯರನ್ನು ನಾನೇ ತೊಳೆದು, ಒರೆಸಿ, ಮೇಜಿನ ಮೇಲಿಟ್ಟು ಪಂಪು ನೋಡಲು ಹೋದೆ. ಬಂದು ಯಂತ್ರದೊಳಗಿಟ್ಟೆ. ಕಿಟಕಿಯ ಗಾಜಿಗೆ ಕಣ್ಣಿಟ್ಟರೆ ಗಿಯರಿನ ಸುತ್ತ ನೇರಳೆ ಬೆಳಕು, ಒಂದೇ ಕಡೆ ಪಟಪಟ ಕಿಡಿ. ಮರುದಿನ ಹೊರತೆಗೆದಾಗ ಅದೇ ಜಾಗದಲ್ಲಿ ದುಂಡನೆಯ ಕಲೆ.

ಊಟದ ಡಬ್ಬಿ ತಂದಿದ್ದ ಅತ್ತೆ ಬಗ್ಗಿ ನೋಡಿದರು. “ಅಯ್ಯ, ನಾ ಕುಂಕುಮ ಹಚ್ಚಿದ್ದು ಅಲ್ಲೇ ಅಲ್ಲೇನ?”

“ಏನಂದ್ರಿ?”

“ಹೊಸಾ ಆರ್ಡರ್ ಬಂದ್ರ ಮೊದಲನೇದ್ದಕ್ಕ ನಾ ಯಾವಾಗ್ಲೂ ಹಚ್ಚತೀನಲ್ಲವಾ. ಎಣ್ಣ್ಯಾಗ ಕಲಸಿ ಹಚ್ಚಿ, ನೀ ಸಿಟ್ಟಾಗ್ತಿ ಅಂತ ಸೆರಗಿಲೆ ಒರಿಸೀನೂ ಬಿಟ್ಟೆ.”

“ಮೂರೂ ಸಲಾನೂ?”

“ಎರಡು ಸಲ ಕೆಟ್ಟಿತ್ತಲ್ಲಾ, ಪಾಪ, ನೀ ಭಾಳ ಒದ್ದಾಡ್ತಿದ್ದಿ. ಈ ಸಲ ಜರಾ ದೊಡ್ಡದಾಗೇ ಹಚ್ಚಿದೆ.”

ತಲೆ ತಲೆ ಚಚ್ಚಿಕೊಂಡೆ. ಉಪ್ಪಿನ ಕುಲುಮೆಯಲ್ಲಿ ಆ ಕುಂಕುಮ ಎಲ್ಲೋ ಕರಗಿ ಹೋಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾವನ ಬಳಿ ಓಡಿದೆ: ತಪ್ಪು ಯಂತ್ರದ್ದಲ್ಲ, ಕುಂಕುಮ ಒಂದು ನಿಂತರೆ ಸಾಕು, ಇನ್ನೊಂದು ಗಿಯರು ಮಾಡಿ ತೋರಿಸುತ್ತೇನೆ. ಅವರು ಪೂರ್ತಿ ಕೇಳಿಸಿಕೊಂಡರು.

“ನಿಮ್ಮತ್ತೆಗೆ ಹಚ್ಚಬ್ಯಾಡ ಅಂತ ಯಾರು ಹೇಳಬೇಕು? ಮಷಿನ್ ಮಾರೂದ ಹಗುರ ನೋಡವಾ.”

ಯಂತ್ರವನ್ನು ಲಾರಿಗೆ ಏರಿಸಿದ ಬೆಳಿಗ್ಗೆ ಅತ್ತೆ ಲಾರಿಯ ಹತ್ತಿರ ಹೋಗಿ, ಹೋದಲ್ಲಿ ಚೆನ್ನಾಗಿರಲಿ ಎಂದು ಅದಕ್ಕೂ ಕುಂಕುಮ ಹಚ್ಚಿದರು.