ಬೆಳಕಿಗಿಂತ ಜಲ್ದಿ ಬಂದ ವರ್ಗಾವಣೆ

ಬೆಳಕಿಗಿಂತ ವೇಗವಾಗಿ ಯಾವುದೂ ಓಡಲಾರದು ಎಂದು ನನ್ನ ಮಗಳು ಪಲ್ಲವಿ ಹೇಳಿದಾಗ ನನಗೆ ನಗು ಬಂತು. ಆಕೆ ಇಲ್ಲೇ ನಾಗಪುರದ ಕಾಲೇಜಿನಲ್ಲಿ ಭೌತಶಾಸ್ತ್ರದ ಕೊನೆಯ ವರ್ಷ ಓದುತ್ತಾಳೆ. ನಾನೋ, ಹುಬ್ಬಳ್ಳಿಯಿಂದ ವರ್ಗವಾಗಿ ಬಂದು ಇಲ್ಲೇ ಬೇರು ಬಿಟ್ಟ ಸರಕಾರಿ ನೌಕರ. ಆಕೆಗೆ ಸೂತ್ರ ಗೊತ್ತು, ನನಗೆ ನಮ್ಮ ಕಾಲೊನಿ ಗೊತ್ತು. ಇಲ್ಲಿಯ ಕನ್ನಡದ ಮನೆಗಳಲ್ಲಿ ಯಾರಿಗಾದರೂ ವರ್ಗವಾದರೆ, ಆರ್ಡರಿಗೆ ಸಾಹೇಬರ ಸಹಿ ಬೀಳುವ ಮೊದಲೇ ಸುದ್ದಿ ಎಲ್ಲ ಅಡಿಗೆಮನೆಗಳನ್ನೂ ಸುತ್ತಿಬಂದಿರುತ್ತದೆ. ಇಷ್ಟು ವೇಗದ ವಸ್ತು ಇಲ್ಲಿರುವಾಗ ವಿಜ್ಞಾನಿಗಳು, ಪಾಪ, ಆಕಾಶದಲ್ಲಿ ಯಾಕೆ ಹುಡುಕುತ್ತಾರೋ!

ಹೀಗೆ ಕೆಣಕಿದ್ದಕ್ಕೆ ಪಲ್ಲವಿ ಕನ್ನಡ ಬಿಟ್ಟು ಮರಾಠಿಗೆ ಇಳಿದಳು. ಸಿಟ್ಟು ಬಂದಾಗ ಅವಳ ಭಾಷೆ ಅದು. ಅವಳು ಹೇಳಿದ್ದರ ಸಾರ ಇಷ್ಟು: ‘ಈಗ’ ಎಂಬುದು ಎಲ್ಲರಿಗೂ ಒಂದೇ ಅಲ್ಲ. ನಾನು ಇಲ್ಲಿ ನಿಂತಿದ್ದು, ನೀವು ರಾಕೆಟ್ಟಿನಲ್ಲಿ ಭರ್ರೆಂದು ಹೊರಟಿದ್ದರೆ, ಒಂದಕ್ಕೊಂದು ಬಹು ದೂರದಲ್ಲಿ ನಡೆದ ಎರಡು ಘಟನೆಗಳಲ್ಲಿ ಯಾವುದು ಮೊದಲು ಎಂಬ ಬಗ್ಗೆ ನಮ್ಮಿಬ್ಬರಿಗೂ ಒಮ್ಮತ ಇರದಿರಬಹುದು. ಇಬ್ಬರೂ ಸರಿಯೇ. ಒಂದರ ಸುದ್ದಿ ಇನ್ನೊಂದಕ್ಕೆ ಬೆಳಕಿನ ವೇಗದಲ್ಲೂ ಮುಟ್ಟಲಾರದಷ್ಟು ಅವು ದೂರ ಇರುವತನಕ ಈ ಭಿನ್ನಾಭಿಪ್ರಾಯದಿಂದ ಯಾರ ಗಂಟೂ ಹೋಗುವುದಿಲ್ಲ. ಇಲ್ಲಿ ನನ್ನ ಹೆಂಡತಿ ಶೈಲಾ ನಡುವೆ ಬಾಯಿ ಹಾಕಿ, ಇದರಲ್ಲಿ ಹೊಸದೇನಿದೆ ಎಂದು ಕೇಳಿದಳು. ನಾನು ಫೋನಿನಲ್ಲಿ ಹೇಳುವ ‘ಈಗ ಬಂದೆ’ಗೂ ಗೋಡೆಯ ಗಡಿಯಾರಕ್ಕೂ ತಾಳ ಕೂಡಿದ್ದನ್ನು ಆಕೆ ಈ ಜನ್ಮದಲ್ಲಿ ಕಂಡಿಲ್ಲವಂತೆ.

ಆದರೆ ಬೆಳಕನ್ನೇ ಹಿಂದೆ ಹಾಕುವ ಸಂದೇಶವೊಂದು ಇದ್ದರೆ ಕೆಲಸ ಕೆಟ್ಟಿತು ಎಂದು ಪಲ್ಲವಿ ಮುಂದುವರಿಸಿದಳು. ನಾನು ಅದನ್ನು ಕಳಿಸುವ ಮೊದಲೇ ಅದು ತಲುಪಿತು ಎಂದು ನಿಮ್ಮ ಲೆಕ್ಕ ಹೇಳೀತು. ನೀವೂ ನಿಮ್ಮ ರಾಕೆಟ್ಟಿನಿಂದ ಅಷ್ಟೇ ವೇಗದಲ್ಲಿ ಉತ್ತರ ಕಳಿಸಿದಿರೋ, ನಾನು ಪ್ರಶ್ನೆ ಕೇಳುವ ಮೊದಲೇ ಉತ್ತರ ನನ್ನ ಕೈಯಲ್ಲಿ. ಅಂದರೆ ಬೆಳಕಿಗಿಂತ ಜಲ್ದಿ ಹೋಗಬಲ್ಲವನು ನಿನ್ನೆಗೂ ಹೋಗಿ ಮುಟ್ಟಬಲ್ಲ. ಮುಟ್ಟಿ, ತಾನು ಹೊರಡದ ಹಾಗೆ ತನ್ನನ್ನೇ ತಡೆಯಲೂಬಲ್ಲ. ತಡೆದರೆ, ಹೊರಟವರು ಯಾರು?

ಈ ಪ್ರಶ್ನೆಗೆ ನನ್ನ ನಗು ನಿಂತಿತು. ಹೊರಟವರು ಯಾರೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಳೆದ ಬೇಸಿಗೆಯಲ್ಲಿ ಹೊರಟವರು ನಾವೇ.

ಶೈಲಾಗೆ ಹುಬ್ಬಳ್ಳಿಗೆ ಮರಳಬೇಕೆಂಬ ಹಂಬಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಇತವಾರಿ ಪೇಟೆಯಲ್ಲಿ ಕಾಳುಕಡಿ ಕೊಳ್ಳುವಾಗ ಅಂಗಡಿಯವನ ಕೊಂಕು ಮಾತಿಗೆ ತಕ್ಕ ಉತ್ತರ ಆಕೆಗೆ ಹೊಳೆಯುವುದು ಮನೆ ಮುಟ್ಟಿದ ಮೇಲೆ, ಅದೂ ಕನ್ನಡದಲ್ಲಿ. “ಒಮ್ಮೆ ನಮ್ಮ ಭಾಷಾದಾಗ ಮನಸಾರೆ ಜಗಳಾ ಮಾಡಬೇಕ್ರಿ,” ಎನ್ನುತ್ತಾಳೆ. ನಗುತ್ತಲೇ ಹೇಳುತ್ತಾಳೆ, ಆದರೆ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದಕ್ಕೇ ವರ್ಗಕ್ಕೆ ಅರ್ಜಿ ಹಾಕಿದ್ದೆ.

ಒಂದು ಸಂಜೆ ಪಕ್ಕದ ಮನೆಯ ಹಿರೇಮಠ ಕಾಕಾ ಬಂದು, ನಿಮ್ಮ ಹುಬ್ಬಳ್ಳಿ ಆರ್ಡರ್ ಟೈಪಾಗಿದೆ, ಸಾಹೇಬರ ಸಹಿಯೊಂದು ಬಾಕಿ ಎಂದರು. ಊರಿಗೆ ಮರಳುವವರಿಗೆ ಶಾಲು ಹೊದಿಸಿ, ಹಾರ ಹಾಕಿ, ಗೋದಿ ಹುಗ್ಗಿ ಉಣಿಸಿ ಕಳಿಸುವುದು ನಮ್ಮ ಮನೆಗಳ ಪದ್ಧತಿ. ಆರ್ಡರ್ ಬಂದ ಮೇಲೆ ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಉಣ್ಣಲು ಪುರಸೊತ್ತೆಲ್ಲಿ ಎಂದು ಅದನ್ನು ಮೊದಲೇ ಮುಗಿಸುವುದೂ ಪದ್ಧತಿಯೇ. ಆ ಭಾನುವಾರವೇ ಮುಗಿಸಿಬಿಟ್ಟರು. ಮುಖ್ಯ ಅತಿಥಿ ನಮ್ಮ ಸಾಹೇಬರು. ಅವರಿಗೆ ತಿಳಿಯಲೆಂದು ಕಾಕಾ ಹಿಂದಿಯಲ್ಲಿ ಭಾಷಣ ಮಾಡಿ, ನಾನಿಲ್ಲದಿದ್ದರೆ ಕಚೇರಿಯ ಬೀಗ ತೆಗೆಯುವುದೂ ಅನುಮಾನ ಎಂಬಂತೆ ಹೊಗಳಿದರು. ನಾನು ಸಂಕೋಚದಿಂದ ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡೆ. ಸಾಹೇಬರು ಎರಡು ಸಲ ಹುಗ್ಗಿ ಹಾಕಿಸಿಕೊಂಡು ಉಂಡು, ವಿಚಾರ ಮಾಡುತ್ತ ಮನೆಗೆ ಹೋದರು. ಮರುದಿನ ನನ್ನನ್ನು ಕರೆಸಿ, ಇಂಥ ಮನುಷ್ಯನನ್ನು ಬಿಟ್ಟುಕೊಡಲು ತನಗೆ ತಲೆ ಕೆಟ್ಟಿಲ್ಲ ಎಂದರು. ಸಹಿ ಬೀಳಲೇ ಇಲ್ಲ.

ಬೀಳ್ಕೊಡುಗೆ ಮೊದಲು ಬಂತು. ಬಂದು, ತನಗೆ ಕಾರಣವಾದ ವರ್ಗಾವಣೆಯನ್ನೇ ನುಂಗಿಹಾಕಿತು. ಸಾಮಾನು ಒಯ್ಯಲು ಗೊತ್ತುಮಾಡಿದ್ದ ಟ್ರಕ್ಕಿನವನಿಗೆ ಬರಬೇಡ ಎಂದು ಹೇಳಿದೆ. ಶೈಲಾ ಕಟ್ಟಿಟ್ಟ ಪಾತ್ರೆಗಳನ್ನು ಬಿಚ್ಚಿ ಮತ್ತೆ ಅದೇ ಮಾಡಗಳಲ್ಲಿ ಜೋಡಿಸಿದಳು. ಅದನ್ನು ನೋಡುವುದು ನನಗೆ ಬಹಳ ಕಷ್ಟವಾಯಿತು.

ಬೆಳಕಿಗಿಂತ ಜಲ್ದಿ ಮುಟ್ಟಲು ಜಾಗವನ್ನೇ ಮಡಚಿ ಅಡ್ಡದಾರಿ ಹಿಡಿಯುವ ಉಪಾಯವನ್ನು ಕೆಲವರು ಕಾಗದದ ಮೇಲೆ ಮಾಡಿದ್ದಾರಂತೆ. ಅಲ್ಲಿಯೂ ಕೊನೆಗೆ ಇದೇ ತೊಡಕು ಎನ್ನುತ್ತಾಳೆ ಪಲ್ಲವಿ. ಇಂಥ ಎಡವಟ್ಟು ಆಗದಿರಲೆಂದೇ ನಿಸರ್ಗ ಎಲ್ಲ ದಾರಿಗಳನ್ನೂ ಮುಚ್ಚಿರಬಹುದೆಂದು ಕೆಲವರ ಊಹೆ. ಖಾತ್ರಿ ಯಾರಿಗೂ ಇಲ್ಲ. ನನಗಂತೂ ವೇಗದ ಈ ಮಿತಿ ಈಚೆಗೆ ಒಂದು ದಯೆಯಂತೆ ಕಾಣುತ್ತಿದೆ. ಆಗಬೇಕಾದದ್ದಕ್ಕೆ ಆಗಲು ಒಂದಿಷ್ಟು ಪುರಸೊತ್ತಾದರೂ ಸಿಗುತ್ತದಲ್ಲ.

ಈ ವರ್ಷ ಸಾಹೇಬರು ಬದಲಾದರು. ಮೊನ್ನೆ ಸಹಿ, ಶಿಕ್ಕೆ ಸಮೇತ ಆರ್ಡರ್ ನನ್ನ ಕೈಗೇ ಬಂತು. ಫೋನ್ ಬಂದ್ ಮಾಡಿ, ಆರ್ಡರನ್ನು ಜೇಬಿನಲ್ಲಿಟ್ಟುಕೊಂಡು, ನಾಗಪುರದ ಆ ಬಿಸಿಲಲ್ಲಿ ನಡೆದೇ ಮನೆಗೆ ಹೋದೆ. ದಾರಿಯಲ್ಲಿ ಕಾಕಾ ಎದುರಾದರು. ಸೆಕೆಯ ಬಗ್ಗೆ ಮಾತಾಡಿ ಪಾರಾದೆ. ಬಾಗಿಲು ತೆರೆದ ಶೈಲಾ ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಬೇಕಾಗಲಿಲ್ಲ. ನನ್ನ ಮುಖದಿಂದ ಆಕೆಯ ಕಣ್ಣಿಗೆ ಸುದ್ದಿ ಬರೋಬರ್ ಬೆಳಕಿನ ವೇಗದಲ್ಲಿ ಮುಟ್ಟಿತು, ಒಂದು ಎಳೆಯಷ್ಟೂ ಹೆಚ್ಚಲ್ಲ. ಆಕೆಯ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು, ಪಕ್ಕದ ಮನೆಯ ಕಡೆ ಒಮ್ಮೆ ನೋಡಿ, ನನ್ನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು.

“ಯಾರ ಮುಂದೂ ಹೇಳಬ್ಯಾಡ್ರಿ,” ಅಂದಳು. “ಈ ಸಲ ಮೊದಲ ನಾವು ಹೋಗೂಣು. ಸುದ್ದಿ ಆಮ್ಯಾಲೆ ಬರಲಿ.”